ಹಳೇ ಹಾರ್ಡ್‌ಡಿಸ್ಕಿನ ಮ್ಯಾಗ್ನೆಟ್ಟು

ಇವತ್ತು ಗ್ಯಾರೇಜಲ್ಲಿ ಹಳೇ ಹಾರ್ಡ್‌ಡಿಸ್ಕ್ ಬಿಚ್ಚಿ ಅದರ ಮ್ಯಾಗ್ನೆಟ್ ತೆಗೆದು 12 ವೋಲ್ಟಿನ ಕಂಪ್ಯೂಟರ್ ಫ್ಯಾನಿನ ನಡುಮಧ್ಯಕ್ಕೆ ಅಂಟಿಸ್ದೆ, ಸ್ಪೀಡಿಗೊಂದು ರೆಗ್ಯುಲೇಟರ್, ಅಷ್ಟೇ, ಸ್ಟರ್ ಪ್ಲೇಟ್ (ಫ್ಲಾಸ್ಕಿನೊಳಗಿನ ದ್ರವವನ್ನ ಮ್ಯಾಗ್ನೆಟ್ಟಿಂದ ಕಲಕ್ತಾ ಇರೋ ಸಾಧನ) ರೆಡಿ!

ಮೇಲೆ ಫ್ಲಾಸ್ಕು. ಲೀಟರ್ ನೀರಿಗೆ 100 ಗ್ರಾಂ ಮಾಲ್ಟ್ ಪುಡಿ ಕುದಿಸಿ, ಆರಿಸಿ, ಬೆಳೀಲಿ ಅಂತ ಯೀಸ್ಟ್ ಹಾಕಿದ್ದು. ಒಳಗಿನ ಬಿಳೀ ಸ್ಟರ್ ಬಾರ್ (ಕಲಕೋ ಪುಟ್ಟ ಮ್ಯಾಗ್ನೆಟ್ ಕಡ್ಡಿ) ಗಿರಗಿರ ತಿರುಗಿ ಮಧ್ಯೆ ಸಣ್ಣ ಸುಳಿ ಎದ್ದಾಗ ನೋಡ್ತಾನೇ ಕೂತ್ಬಿಟ್ಟೆ. ಜೋರು ಮಾಡಿದ್ರೆ ಬಾರ್ ಎಗರಿ ಪಕ್ಕಕ್ಕೆ ಹೋಗುತ್ತೆ, ಮೆಲ್ಲಗೆ ಏರಿಸ್ಬೇಕು.

ಯೀಸ್ಟ್ ತಳ ಹಿಡೀದೆ ತೇಲ್ತಿರ್ಬೇಕು, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗ್ಬೇಕು, ಗಾಳಿ ಒಳಗೆ ಬರ್ಬೇಕು, ಅದಕ್ಕೇ ಬಾಯಿಗೆ ಬರೀ ಫಾಯಿಲ್ ಸಡಿಲವಾಗಿ ಮುಚ್ಚೋದು.

ಫೋಟೋ ಫೈಲು ಹುಡುಕಿ ಓದೋಕೆ ದುಡಿದ ಮ್ಯಾಗ್ನೆಟ್ಟು, ಈಗ ಕಣ್ಣಿಗೆ ಕಾಣದ ಜೀವಗಳಿಗೆ ಉಸಿರು ಕೊಡ್ತಿದೆ ನೋಡಿ, ಎಷ್ಟು ಖುಷಿ ಆಯ್ತು ಗೊತ್ತಾ.

ಇನ್ನೊಂದು ಫ್ಯಾನ್ ಉಳಿದಿದೆ, ಮಾಡ್ಕೊಳ್ಳೋರು ಯಾರಾದ್ರೂ ಇದ್ರೆ ಹೇಳ್ರಪ್ಪ.