ಡಿಲಕ್ಸ್ ಮೆಮರಿ ಮ್ಯಾನ್: ತೊನೆಯುವ ಪ್ರತಿಧ್ವನಿ

ಎಲೆಕ್ಟ್ರಿಕ್ ಗಿಟಾರಿನ ಧ್ವನಿಯನ್ನು ತುಸು ತಡವಾಗಿ ಮರುನುಡಿಸುವ, ಕಾಲಿನಿಂದ ಒತ್ತುವ ಡಿಲೇ ಪೆಡಲ್‌ಗಳಲ್ಲಿ ನನಗೆ ಇಂದಿಗೂ ಬಹಳ ಪ್ರಿಯವಾದದ್ದು, ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿ 1970ರ ದಶಕದಲ್ಲಿ ತಂದ ಡಿಲಕ್ಸ್ ಮೆಮರಿ ಮ್ಯಾನ್. ಇದರ ಪ್ರತಿಧ್ವನಿಗೆ ಆಧಾರ, 1969ರಲ್ಲಿ ಫಿಲಿಪ್ಸ್ ಪ್ರಯೋಗಾಲಯದಲ್ಲಿ ರೂಪುಗೊಂಡ ಬಕೆಟ್ ಬ್ರಿಗೇಡ್ ತಂತ್ರ: ಬೆಂಕಿ ಆರಿಸಲು ಸಾಲಾಗಿ ನಿಂತವರು ನೀರನ್ನು ಕೈಯಿಂದ ಕೈಗೆ ದಾಟಿಸುವಂತೆ, ಪೆಡಲಿನ ಎಲೆಕ್ಟ್ರಾನಿಕ್ ಚಿಪ್ಪಿನೊಳಗೆ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರ್‌ಗಳು ಧ್ವನಿಯ ವಿದ್ಯುದಂಶವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸುತ್ತವೆ. ಹೆಸರುವಾಸಿಯಾದ ಎಂಎನ್3005 ಚಿಪ್ಪಿನಲ್ಲಿ ಇಂಥ 4096 ಹಂತಗಳಿದ್ದು, ಈ ದಾಟಿಸುವಿಕೆಯ ವೇಗವನ್ನು ನಿರ್ಧರಿಸುವ ವಿದ್ಯುತ್ ಮಿಡಿತ, ಅಂದರೆ ಕ್ಲಾಕ್, 10 ಕಿಲೋಹರ್ಟ್ಸ್‌ನಲ್ಲಿದ್ದಾಗ ಧ್ವನಿ ಸುಮಾರು 205 ಮಿಲಿಸೆಕೆಂಡು ತಡವಾಗಿ ಹೊರಬರುತ್ತದೆ.

ಮಾಡ್ಯುಲೇಷನ್ ಎಂದರೆ ಈ ಕ್ಲಾಕಿನ ವೇಗವನ್ನೇ ಲಯಬದ್ಧವಾಗಿ ಏರಿಳಿಸುವುದು. ವೇಗ ಏರುವಾಗ ಒಳಗೆ ಸಾಗುತ್ತಿರುವ ಧ್ವನಿಯ ಶ್ರುತಿ ತುಸು ಮೇಲೇರುತ್ತದೆ, ಇಳಿಯುವಾಗ ಕೆಳಗಿಳಿಯುತ್ತದೆ. ಮೀಟಿದ ಮೂಲ ಸ್ವರ ಮಾತ್ರ ಕದಲದೆ ನಿಲ್ಲುವುದರಿಂದ, ಎರಡೂ ಬೆರೆತಾಗ ನಾದಕ್ಕೆ ಒಂದು ಬಗೆಯ ದಟ್ಟತನ ಬರುತ್ತದೆ. ಫೀಡ್‌ಬ್ಯಾಕ್ ಗುಂಡಿ ಹೊರಬಂದ ಪ್ರತಿಧ್ವನಿಯನ್ನು ಮತ್ತೆ ಒಳಕ್ಕೆ ಕಳಿಸುತ್ತದೆ; ಅದನ್ನು ತಿರುಗಿಸುತ್ತ ಹೋದರೆ ಪ್ರತಿ ಸುತ್ತಿನಲ್ಲೂ ತೀಕ್ಷ್ಣವಾದ ಅಂಶಗಳು ಸವೆದು, ತೊನೆದಾಟ ಹೆಚ್ಚಿ, ಕಡೆಗೆ ಗಿಟಾರು ಮುಟ್ಟದಿದ್ದರೂ ಪೆಡಲ್ ತಾನಾಗಿಯೇ ಕೂಗತೊಡಗುತ್ತದೆ. (ಅಕ್ಕಪಕ್ಕದ ಮನೆಯವರು ಇದನ್ನು ಸಂಗೀತವೆಂದು ಒಪ್ಪಲಾರರು.)

ಐರ್ಲೆಂಡಿನ ರಾಕ್ ತಂಡ ಯೂಟುವಿನ ಗಿಟಾರ್ ವಾದಕ ದಿ ಎಡ್ಜ್ ಆರಂಭದ ಧ್ವನಿಮುದ್ರಣಗಳಲ್ಲಿ ಬಳಸಿದ್ದು ಇದೇ ಪೆಡಲನ್ನು. ಪೆಡಲಿನ ಮಾಡ್ಯುಲೇಷನ್ ಸ್ವಿಚ್ಚಿಗೆ ವೈಬ್ರಾಟೋ, ಕೋರಸ್ ಎಂಬ ಎರಡು ಸ್ಥಾನಗಳಿವೆ; ವೈಬ್ರಾಟೋ ಸ್ಥಾನದ ಚುರುಕಾದ ಕಂಪನ ನನಗೆ ಅಷ್ಟಾಗಿ ರುಚಿಸದು. ಧ್ವನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲನ್ನು ಇದಕ್ಕಿಂತ ಮೊದಲು ಜೋಡಿಸಿ, ನಿಧಾನವಾಗಿ ತೊನೆಯುವ ಕೋರಸ್ ಸ್ಥಾನದಲ್ಲಿ ಮಾಡ್ಯುಲೇಷನ್ನಿನ ಆಳವನ್ನು ಕಾಲುಭಾಗಕ್ಕಷ್ಟೇ ಇಟ್ಟು, ಕಾರ್ಡಿನ (ಒಟ್ಟಿಗೆ ಹಿಡಿದ ಸ್ವರಗುಚ್ಛದ) ತಂತಿಗಳನ್ನು ಒಂದೊಂದಾಗಿ ಬಿಡಿಸಿ ನುಡಿಸುವುದೇ ನನ್ನ ಆಯ್ಕೆ.