ಪತಂಗ ಪರದೆಯ ಪ್ರಗತಿ: ಕೊನೆಗೂ ಕತ್ತಲೆ ಕೈಗೂಡಿತು

ರಾತ್ರಿ ಬಟ್ಟೆಯ ಪರದೆ ಕಟ್ಟಿ, ಅದರ ಮೇಲೆ ದೀಪದ ಬೆಳಕು ಬಿಟ್ಟು, ಬಂದು ಕೂರುವ ಪತಂಗಗಳನ್ನು ನೋಡುವುದು ನಮ್ಮ ಹವ್ಯಾಸ. ಅದಕ್ಕಾಗಿ ಹಿಡಿದಿದ್ದ ನೇರಳಾತೀತ ದೀಪದ ಕೆಲಸ ಈ ಅಮಾವಾಸ್ಯೆಗೆ ಅಂತೂ ಒಂದು ದಡ ಮುಟ್ಟಿತು. ಪೈಪಿನ ಚೌಕಟ್ಟು, ಗೂಟ, ಹಗ್ಗ, ಗಾಳಿಗೆ ಪರದೆ ಬಡಿದುಕೊಳ್ಳದಂತೆ ಕೆಳಗಿನ ಅಂಚಿಗೆ ಭಾರ ಕಟ್ಟುವ ಕ್ರಮ, ಇವೆಲ್ಲ ರಾತ್ರಿ ಪತಂಗ ನೋಡುವ ಹುಚ್ಚಿರುವವರಿಗೆ ಗೊತ್ತಿರುವ ಸಂಗತಿಗಳು. ಆದ್ದರಿಂದ ಅವನ್ನು ಬಿಟ್ಟು, ತಿಂಗಳುಗಟ್ಟಲೆ ತಲೆ ತಿಂದ ಒಂದೇ ತೊಡಕಿನ ಬಗ್ಗೆ ಬರೆಯುತ್ತೇನೆ. ಪರದೆಗೆ ಪತಂಗ ಬರಬೇಕು, ಆದರೆ ಪರದೆಯ ಮುಂದೆ ಕೂತವರ ಮುಖ ಒಬ್ಬರಿಗೊಬ್ಬರಿಗೆ ಸರಿಯಾಗಿ ಕಾಣಬಾರದು. ಈ ಎರಡನೆಯ ಷರತ್ತು ಕೇಳಿದೊಡನೆ ಹಳೆಯ ಪತಂಗಪ್ರಿಯರು ನಗುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ಬೆಳಕು ಹೆಚ್ಚಿದಷ್ಟೂ ಲಾಭ.

ಷರತ್ತು ಬಂದದ್ದು ಪರದೆಯ ಮುಂದೆ ಕೂರುವವರ ಕಾರಣದಿಂದ. ಸಕಲೇಶಪುರದ ಕಡೆ ಗೆಳೆಯರೊಬ್ಬರ ಕಾಫಿ ಕಣದಲ್ಲಿ ನಾವು ಪರದೆ ಕಟ್ಟುತ್ತೇವೆ. ಮೀಸಲು ಅರಣ್ಯದೊಳಗೆ ಇಂಥದ್ದಕ್ಕೆ ಇಲಾಖೆಯ ಅನುಮತಿ ಬೇಕು. ತೋಟದಲ್ಲಿ ಮಾಲೀಕರ ಒಪ್ಪಿಗೆಯೂ ಅವರ ನಾಯಿಯ ಒಪ್ಪಿಗೆಯೂ ಇದ್ದರೆ ಸಾಕು. ಹಾಸನ, ಬೆಂಗಳೂರುಗಳಿಂದ ಕಾಲೇಜು ವಯಸ್ಸಿನವರ ಸಣ್ಣ ಗುಂಪುಗಳನ್ನು ಆಪ್ತಸಮಾಲೋಚಕಿಯೊಬ್ಬರು ಅಲ್ಲಿಗೆ ಕರೆತರುತ್ತಾರೆ. ಅವರಲ್ಲಿ ಕೋವಿಡ್ ಕಾಲದಲ್ಲಿ ಮನೆಯವರನ್ನು ಕಳೆದುಕೊಂಡವರಿದ್ದಾರೆ, ನೀಟ್ ಪರೀಕ್ಷೆಯನ್ನು ಮತ್ತೆ ಮತ್ತೆ ಬರೆದು ಬಳಲಿದವರಿದ್ದಾರೆ, ಹಾಸ್ಟೆಲ್ ಬಿಟ್ಟು ಬಂದು ಕೋಣೆಯಿಂದ ಹೊರಬರುವುದನ್ನೇ ನಿಲ್ಲಿಸಿದವರಿದ್ದಾರೆ. ಪತಂಗ ನೋಡುವುದು ಚಿಕಿತ್ಸೆಯಲ್ಲ, ಅದು ಬೇಕಾದವರಿಗೆ ಬೇರೆ ಕಡೆ ನಡೆಯುತ್ತಿರುತ್ತದೆ; ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಮೇಲೆ ಟೆಲಿ-ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆ ಅಂಟಿಸಿರುವುದೂ ಸಮಾಲೋಚಕಿಯವರ ಆಜ್ಞೆಯ ಮೇರೆಗೆ. ನನ್ನ ಪಾಲಿಗಿರುವುದು ದೀಪ, ಬಟ್ಟೆ ಮತ್ತು ಚಹಾ.

ಮೊದಲು ಬಳಸುತ್ತಿದ್ದುದು ಎಲ್ಲರ ಬಳಿಯೂ ಇರುವ 160 ವ್ಯಾಟ್‌ನ ಪಾದರಸದ ಬಲ್ಬು. ಕೀಟಗಳನ್ನು ಕರೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಕಣದಲ್ಲಿ ಅದಕ್ಕೊಂದು ಜನರೇಟರ್ ಬೇಕು, ಬಿಸಿ ಗಾಜಿಗೆ ಮಳೆ ಹನಿ ತಾಗಿದರೆ ಬಿರುಕು ಬಿಡುತ್ತದೆ, ಒಮ್ಮೆ ಆರಿದರೆ ತಣಿದು ಮತ್ತೆ ಹೊತ್ತಿಕೊಳ್ಳುವವರೆಗೆ ನಿಮಿಷಗಟ್ಟಲೆ ಕಾಯಿಸುತ್ತದೆ. ಇವನ್ನೆಲ್ಲ ಸಹಿಸಬಹುದಿತ್ತು, ಸಹಿಸಲಾಗದ್ದೆಂದರೆ ಆ ಬೆಳಕಿಗೆ ಕಣವೆಲ್ಲ ಮದುವೆ ಛತ್ರದಂತಾಗುತ್ತಿದ್ದುದು. ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ, ಎಲ್ಲರ ಕೈಯಲ್ಲೂ ಫೋನು, ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಬಿಗುಮಾನ ಎಲ್ಲರ ಮೈಯಲ್ಲೂ. ಜನರೇಟರಿನ ಸದ್ದನ್ನು ಮೀರಿ ಕೂಗಿ ಆಡಬಹುದಾದ ಮಾತು ‘ಚಹಾ ಬೇಕಾ’ ಎಂಬುದೊಂದೇ.

ಒಂದು ರಾತ್ರಿ ಇಂಧನ ತೀರಿ ಜನರೇಟರ್ ನಿಂತುಬಿಟ್ಟಿತು. ನಾನು ಟಾರ್ಚಿಗಾಗಿ ತಡಕಾಡುತ್ತಿದ್ದಾಗ, ಸಂಜೆಯಿಂದ ತುಟಿ ಬಿಚ್ಚದ ಹುಡುಗನೊಬ್ಬ ಪಕ್ಕದವನಿಗೆ ತನ್ನ ಅಪ್ಪನ ಬಗ್ಗೆ ಹೇಳತೊಡಗಿದ್ದು ಕೇಳಿಸಿತು. ಟಾರ್ಚು ಕೈಗೆ ಸಿಕ್ಕ ಮೇಲೂ ನಾನು ಅದನ್ನು ಹಚ್ಚಲಿಲ್ಲ. ಮರುದಿನ ತಿಂಡಿ ಹೊತ್ತಿಗೆ ಸಮಾಲೋಚಕಿಯವರು, “ಸರ್, ಅಷ್ಟೇ ಕತ್ತಲೆ ಇಟ್ಟುಕೊಂಡು ಪತಂಗ ಬರಿಸೋಕೆ ಆಗುತ್ತಾ?” ಎಂದು ಕೇಳಿದರು. ಆಗುತ್ತದೆ ಎಂದು ಹೇಳಿಬಿಟ್ಟೆ.

ತತ್ತ್ವದಲ್ಲಿ ಇದು ಸರಳ. ನೇರಳಾತೀತ ಕಿರಣ ಪತಂಗಕ್ಕೆ ಕಾಣುತ್ತದೆ, ನಮಗೆ ಕಾಣುವುದಿಲ್ಲ. 365 ನ್ಯಾನೋಮೀಟರ್ ತರಂಗಾಂತರದ ಎಲ್‌ಇಡಿ, ಪ್ರವಾಹವನ್ನು ಏರುಪೇರಿಲ್ಲದೆ ಕೊಡುವ ಒಂದು ಡ್ರೈವರ್, ಬಿಸಿ ಹೊರಹಾಕುವ ಅಲ್ಯೂಮಿನಿಯಂ ಹೀಟ್‌ಸಿಂಕ್, ಪವರ್ ಬ್ಯಾಂಕ್. ಎಲ್ಲ ಸೇರಿ ಹತ್ತು ವ್ಯಾಟ್‌ನೊಳಗೆ ಮುಗಿಯುವ ಸಂಸಾರ. ಆದರೆ 365 ಎಂದು ಮುದ್ರಿಸಿದ ಪೊಟ್ಟಣದಲ್ಲಿ 395ರದ್ದನ್ನು ತುಂಬಿ ಕಳಿಸುವ ಮಾರಾಟಗಾರರನ್ನು ದಾಟಿ ಬರಬೇಕು. ಹಚ್ಚಿದೊಡನೆ ಕಣ್ಣಿಗೆ ಢಾಳಾದ ನೇರಳೆ ರಾಚಿದರೆ ಅದು 365 ಅಲ್ಲ ಎಂದೇ ತಿಳಿಯಬೇಕು. ನಿಜವಾದದ್ದು ಮಂಕಾಗಿ, ಬೂದು ಬಿಳುಪಾಗಿ ಕಾಣುತ್ತದೆ. ದೂರು ಕೊಟ್ಟಾಗ ಬಂದ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: “ಸರ್, ಐನೂರರ ನೋಟು ಹಿಡಿದು ನೋಡಿ, ನಂಬರ್ ಹೊಳೆಯುತ್ತೆ, ಒರಿಜಿನಲ್ ಪೀಸ್.” ನೋಟಿನ ಸಂಖ್ಯೆ ಹೊಳೆದರೆ ನೋಟು ಅಸಲಿ ಎಂದಾಯಿತೇ ಹೊರತು ದೀಪ ಅಸಲಿ ಎಂದಾಗುವುದಿಲ್ಲ. ಇನ್ನು ಪವರ್ ಬ್ಯಾಂಕುಗಳು ಬಳಕೆ ತೀರ ಕಡಿಮೆಯಾದಾಗ ಫೋನಿನ ಚಾರ್ಜು ತುಂಬಿತೆಂದು ಭಾವಿಸಿ ತಾವಾಗಿಯೇ ಆರಿಹೋಗುವ ಕಾಯಿಲೆ ಎಲ್ಲರಿಗೂ ಗೊತ್ತಿದೆ. 12 ವೋಲ್ಟಿನ ಲಿಥಿಯಂ ಬ್ಯಾಟರಿಗೆ ಬದಲಾಯಿಸಿ ಅದನ್ನು ಮುಗಿಸಿದೆ.

ಅಸಲಿ ಎಲ್‌ಇಡಿ ಬಂದಿತು. ಅದರ ಮುಂದೆ, ಕಾಣುವ ಬೆಳಕನ್ನು ತಡೆದು ನೇರಳಾತೀತವನ್ನು ಮಾತ್ರ ಬಿಡುವ ಕಪ್ಪು ಗಾಜನ್ನೂ (ಜಡ್‌ಡಬ್ಲ್ಯುಬಿ-2) ಕೂರಿಸಿದೆ. ದೀಪವನ್ನು ಪಕ್ಕದಿಂದ ನೋಡಿದರೆ ಉರಿಯುತ್ತಿದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ಕಪ್ಪು. ಹಾಗಿದ್ದರೂ ಕಣ ಬೆಳಗುತ್ತಿತ್ತು. ಎದುರಿಗೆ ಕೂತವರ ಹುಬ್ಬು ಎಣಿಸಬಹುದಾದಷ್ಟು ನೀಲಿ ಬಿಳುಪಿನ ಬೆಳಕು, ಎಲ್ಲಿಂದ ಬರುತ್ತಿದೆ ಎಂಬುದೇ ತಿಳಿಯದು. ಗಾಜಿನ ಅಂಚಿನಲ್ಲಿ ಸೋರುತ್ತಿರಬಹುದೆಂದು ಕಪ್ಪು ಸಿಲಿಕೋನ್ ಮೆತ್ತಿದೆ, ಪ್ರವಾಹ ತಗ್ಗಿಸಿದೆ, ಎರಡನೆಯ ಗಾಜು ಹಾಕಿದೆ. ಪ್ರತಿ ಸಲವೂ ಬೆಳಕು ಸ್ವಲ್ಪ ಕಡಿಮೆಯಾಗುತ್ತಿತ್ತು, ಪತಂಗಗಳು ಅದಕ್ಕಿಂತ ಹೆಚ್ಚು ಕಡಿಮೆಯಾಗುತ್ತಿದ್ದವು. ಗಾಜು ಮಾರಿದವರಿಗೆ ಫೋನು ಮಾಡಿದರೆ, ‘ಇನ್ನೊಂದು ಹಾಕಿ ನೋಡಿ’ ಎನ್ನುತ್ತಿದ್ದರು. ಗಾಜು ಮಾರುವವರು ಬೇರೇನು ಹೇಳಿಯಾರು?

ಉತ್ತರ ಸಿಕ್ಕಿದ್ದು ಒಂದು ತೇಪೆಯಲ್ಲಿ. ನಿಂಬೆ ಮುಳ್ಳಿಗೆ ಸಿಕ್ಕಿ ಪರದೆಯ ಮೂಲೆ ಹರಿದಿದ್ದಾಗ ತೋಟದ ಮನೆಯ ಅಜ್ಜಿ ಯಾವುದೋ ಹಳೆಯ ಮಗ್ಗದ ಬಟ್ಟೆಯ ತುಂಡನ್ನು ಹಚ್ಚಿ ಹೊಲಿದುಕೊಟ್ಟಿದ್ದರು. ದೀಪ ಹಚ್ಚಿದಾಗ ಇಡೀ ಪರದೆ ಹಾಲಿನ ನೀಲಿಯಾಗಿ ಹೊಳೆಯುತ್ತಿದ್ದರೆ, ಅಂಗೈಯಗಲದ ಆ ತೇಪೆ ಮಾತ್ರ ಕಪ್ಪಗಿತ್ತು. ಹತ್ತಿರ ಹೋಗಿ ನೋಡಿದರೆ ತೇಪೆಯ ಮೇಲೂ ಎರಡು ಪುಟ್ಟ ಜಿಯೋಮೀಟರ್ ಪತಂಗಗಳು ರೆಕ್ಕೆ ಚಪ್ಪಟೆಯಾಗಿ ಹರಡಿ ಕೂತಿದ್ದವು. ಅಂದರೆ ಹೊಳೆಯುತ್ತಿದ್ದುದು ದೀಪವಲ್ಲ, ಬಟ್ಟೆ. ಅಂಗಡಿಯ ಬಿಳಿ ಹೊದಿಕೆಗಳಿಗೆ ಗಿರಣಿಯಲ್ಲಿಯೇ ಬಿಳುಪು ಹೆಚ್ಚಿಸುವ ಆಪ್ಟಿಕಲ್ ಬ್ರೈಟ್ನರ್ ಎಂಬ ರಾಸಾಯನಿಕ ಕೊಟ್ಟಿರುತ್ತಾರೆ; ಅದು ನೇರಳಾತೀತವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಪತಂಗಕ್ಕೆ ಬೇಕಾದದ್ದನ್ನು ನುಂಗಿ ನಮಗೆ ಬೇಡವಾದದ್ದನ್ನು ಕೊಡುವ ಬಟ್ಟೆಯ ಮುಂದೆ ಎಷ್ಟು ಕಪ್ಪು ಗಾಜು ಹಾಕಿದರೇನು?

ಕೈಮಗ್ಗದ ಕೋರಾ ಬಟ್ಟೆ ತಂದೆ. ಬಿಳುಪು ಮಾಡದ, ಬಣ್ಣ ಹಾಕದ, ಸ್ವಲ್ಪ ಕೆನೆಬಣ್ಣದ ಒರಟು ಹತ್ತಿ. ಗಂಜಿ ಬಿಡುವವರೆಗೆ ಕುದಿಸಿ ಒಣಹಾಕಿದ ಮೇಲೆ ದೀಪದ ಮುಂದೆ ಹಿಡಿದರೆ, ಅದು ಇದೆಯೆಂಬುದು ಗೊತ್ತಾಗುವಷ್ಟು ಮಾತ್ರ ಮಂಕು ಬೆಳಕು. ಸಂಭ್ರಮದಿಂದ ಎಲ್ಲರಿಗೂ ಫೋನು ಮಾಡಿದೆ. ಮುಂದಿನ ಸಲ ಕಣದಲ್ಲಿ ಬಿಡಿಸಿದಾಗ ಅದೇ ಬಟ್ಟೆ ಮೊದಲಿನದಕ್ಕಿಂತ ಜೋರಾಗಿ ಹೊಳೆಯಿತು. ನಾನು ಮನೆಯಲ್ಲಿಲ್ಲದ ದಿನ, ಕೊಳೆಯಾದ ಪರದೆಯನ್ನು ಕಂಡು ಅತ್ತಿಗೆ ಅದನ್ನು ವಾಷಿಂಗ್ ಮೆಷಿನ್ನಿಗೆ ಹಾಕಿ, ಇರುವುದರಲ್ಲೇ ಒಳ್ಳೆಯ ಪುಡಿಯನ್ನು ಧಾರಾಳವಾಗಿ ಸುರಿದಿದ್ದರು. ‘ಬಿಳಿಗಿಂತ ಬಿಳಿ’ ಎಂದು ಸಾರುವ ಪುಡಿಗಳಲ್ಲಿರುವುದೂ ಅದೇ ರಾಸಾಯನಿಕ, ಒಮ್ಮೆ ಹತ್ತಿಯೊಳಗೆ ಸೇರಿತೆಂದರೆ ಸುಲಭಕ್ಕೆ ಬಿಡುವುದಿಲ್ಲ. ಈಗ ಹೊಸ ಕೋರಾ ಬಂದಿದೆ, ಅಂಟುವಾಳಕಾಯಿ ನೀರು ಬಿಟ್ಟು ಬೇರೆ ಯಾವುದನ್ನೂ ಅದು ಮುಟ್ಟುವುದಿಲ್ಲ, ಚೀಲದ ಮೇಲೆ ದಪ್ಪ ಅಕ್ಷರದಲ್ಲಿ ‘ಅತ್ತಿಗೆ, ದಯವಿಟ್ಟು’ ಎಂದು ಬರೆದಿದ್ದೇನೆ. ಬರುವವರಿಗೂ ಗಾಢ ಬಣ್ಣದ ಬಟ್ಟೆ ತೊಟ್ಟು ಬರಲು ಹೇಳುತ್ತೇವೆ, ಏಕೆಂದರೆ ಒಂದು ಬಿಳಿ ಟೀ ಶರ್ಟು ಇದ್ದರೆ ಸಾಕು, ಎಲ್ಲ ಕೆಡುತ್ತದೆ. ಹಲ್ಲುಗಳಿಗೆ ಮಾತ್ರ ಉಪಾಯವಿಲ್ಲ. ನೇರಳಾತೀತದಲ್ಲಿ ಹಲ್ಲು ತಾನಾಗಿಯೇ ಹೊಳೆಯುತ್ತದೆ. ಯಾರಾದರೂ ನಕ್ಕರೆ ಕತ್ತಲೆಯಲ್ಲಿ ನಗುವೊಂದೇ ಕಾಣುತ್ತದೆ, ಅದನ್ನು ಕಂಡು ಉಳಿದವರೂ ನಗುತ್ತಾರೆ. ಈ ದೋಷವನ್ನು ಸರಿಪಡಿಸುವ ಉದ್ದೇಶ ನನಗಿಲ್ಲ. ಕಣ್ಣಿನ ರಕ್ಷಣೆಗೆ ಎಲ್ಲರಿಗೂ ಪಾಲಿಕಾರ್ಬೊನೇಟ್ ಕನ್ನಡಕ ಕಡ್ಡಾಯ, ದೀಪದತ್ತ ನೇರ ನೋಡುವಂತಿಲ್ಲ.

ಹೊಸ ಪರದೆಗೆ ಬರುವ ಪತಂಗಗಳ ಸಂಖ್ಯೆ ಪಾದರಸದ ಬಲ್ಬಿಗೆ ಬರುತ್ತಿದ್ದುದಕ್ಕಿಂತ ಬಹಳ ಕಡಿಮೆ. ಪ್ರಭೇದಗಳ ಪಟ್ಟಿ ಮಾಡುವವರಿಗೆ ಇದು ನಷ್ಟ, ನಮಗೆ ಅನುಕೂಲ. ಮಳೆಹುಳುವಿನ ದಂಡು ಮುಖಕ್ಕೆ ಮುತ್ತದಿದ್ದರೆ ಬಂದ ಒಂದೊಂದರ ಮುಂದೆಯೂ ಕೂರಲು ಹೊತ್ತು ಸಿಗುತ್ತದೆ. ಹಸ್ತದ ಮಳೆ ಹೊಳವಾದ ರಾತ್ರಿ ಕಣಗಿಲೆ ಗಿಡದಲ್ಲಿ ಬೆಳೆಯುವ ಹಸಿರು ಹಾಕ್‌ಮಾತ್ ಪತಂಗವೊಂದು ಬಂದು, ಹುಡುಗಿಯೊಬ್ಬಳ ಬೆರಳು ಹತ್ತಿ ಕೂತಿತು. ಕೆಂಪು ಟಾರ್ಚಿನ ಮಂದ ಬೆಳಕಿನಲ್ಲಿ ನೋಡಿದರೆ ಅದರ ರೆಕ್ಕೆಗಳು ಎದ್ದೂ ಏಳದಂತೆ ಅದುರುತ್ತಿದ್ದವು, ಮುಂಗಾಲುಗಳು ಉಗುರಿನ ಬುಡವನ್ನು ಗಟ್ಟಿಯಾಗಿ ಹಿಡಿದಿದ್ದವು, ಮೈಯ ನಡುಕ ಬೆರಳಿನ ಮೂಳೆಗೇ ತಿಳಿಯುವಷ್ಟಿತ್ತು. “ಅಂಕಲ್, ನನ್ನನ್ನು ಕಂಡು ಹೆದರಿದೆ ಇದು,” ಎಂದಳು. ಹೆದರಿಕೆಯಲ್ಲ, ಹಾರುವುದಕ್ಕೆ ಮೊದಲು ಎದೆಯ ಸ್ನಾಯುಗಳನ್ನು ನಡುಗಿಸಿ ಬಿಸಿ ಮಾಡಿಕೊಳ್ಳುತ್ತದೆ, ಬಿಸಿಯೇರದೆ ಅದಕ್ಕೆ ಹಾರಲಾಗದು ಎಂದೆ. ಪಕ್ಕದಲ್ಲಿದ್ದವನು, ಪರೀಕ್ಷೆಯ ಹಾಲ್‌ನಲ್ಲಿ ನನ್ನ ಕೈಯೂ ಹೀಗೇ ಅದುರುತ್ತೆ ಎಂದ. ನಿನಗೂ ಹಾಗಾ ಎಂದು ಅವಳು ಕೇಳಿದಳು. ಅಷ್ಟರಲ್ಲಿ ಪತಂಗ ಹೋಯಿತು, ಅವರ ಮಾತು ಮುಂದುವರಿಯಿತು. ಅದರಲ್ಲಿ ನಾನು ಕೇಳಿಸಿಕೊಳ್ಳಬೇಕಾದದ್ದು ಏನೂ ಇರಲಿಲ್ಲವಾದ್ದರಿಂದ ಚಹಾ ಬಿಸಿ ಮಾಡಲು ಎದ್ದೆ.

ದೀಪಕ್ಕೆ ಬಿದ್ದು ಸಾಯುವ ಪತಂಗದ ಮಾತನ್ನು ಯಾರಾದರೊಬ್ಬರು ಎತ್ತಿಯೇ ಎತ್ತುತ್ತಾರೆ, ನಮ್ಮ ಕವಿತೆಗಳಲ್ಲಿ ಅದು ಅಷ್ಟು ಹಳತು. ಸಾಯಬೇಕೆಂದು ಯೋಚಿಸಿದ ಮಕ್ಕಳೂ ಇರುವ ಗುಂಪಿನಲ್ಲಿ ಆ ಕಲ್ಪನೆಯನ್ನು ಹಾಗೆಯೇ ಬಿಡುವುದು ನನಗೆ ಹಿಡಿಸುವುದಿಲ್ಲ. 2024ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅತಿವೇಗದ ಕ್ಯಾಮೆರಾಗಳಿಂದ ಈ ಹಾರಾಟವನ್ನು ಹಿಡಿದು ನೋಡಿತು. ಹಾರುವ ಕೀಟ ಸಾಮಾನ್ಯವಾಗಿ ಬೆಳಕಿಗೆ ಬೆನ್ನು ತಿರುಗಿಸುತ್ತದೆ, ಏಕೆಂದರೆ ರಾತ್ರಿಯಲ್ಲೂ ನೆಲಕ್ಕಿಂತ ಬೆಳ್ಳಗಿರುವುದು ಆಕಾಶ, ಬೆನ್ನು ಅತ್ತ ಇದ್ದರೆ ಹಾರಾಟ ಸಮತಟ್ಟು. ಮನುಷ್ಯ ದೀಪ ಇಟ್ಟಾಗ ಬೆನ್ನು ಅದರ ಕಡೆ ವಾಲಿ, ಕೀಟ ಸುತ್ತುತ್ತಲೇ ಇರುತ್ತದೆ. ಅದಕ್ಕೆ ಬೆಂಕಿಯ ಮೇಲೆ ಮೋಹವೂ ಇಲ್ಲ, ಸಾಯುವ ಆಸೆಯೂ ಇಲ್ಲ, ಮೇಲು ಯಾವುದೆಂದು ತಪ್ಪಿಹೋಗಿದೆ ಅಷ್ಟೇ. ಇದನ್ನು ಕೇಳಿದ ಹುಡುಗನೊಬ್ಬ, “ಹಾಗಾದ್ರೆ ನಾವು ಯಾಕೆ ದೀಪ ಇಡ್ತಿದ್ದೀವಿ ಅಂಕಲ್?” ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಹತ್ತೂವರೆಗೆ ದೀಪ ಆರಿಸುವ ನಿಯಮ ಬಂದದ್ದು ಆಮೇಲೆ. ಆಟ್ಲಾಸ್ ಪತಂಗದಂಥವು ಪ್ರೌಢವಾದ ಮೇಲೆ ಏನನ್ನೂ ತಿನ್ನುವುದಿಲ್ಲ, ಕೆಲವೇ ದಿನಗಳ ಬಾಳಿನಲ್ಲಿ ಸಂಗಾತಿ ಹುಡುಕಿ ಮೊಟ್ಟೆಯಿಡಬೇಕು. ಅವುಗಳ ರಾತ್ರಿಯನ್ನೆಲ್ಲ ನಾವೇ ಇಟ್ಟುಕೊಳ್ಳುವಂತಿಲ್ಲ.

ಹಸಿರಿನ ನಡುವೆ ಕಳೆದ ಹೊತ್ತು ಮನಸ್ಸಿಗೆ ಒಳ್ಳೆಯದೆಂಬುದಕ್ಕೆ ಆಧಾರಗಳಿಗೆ ಕೊರತೆಯಿಲ್ಲ. ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು 2019ರಲ್ಲಿ ಪ್ರಕಟವಾದ ಅಧ್ಯಯನ, ವಾರಕ್ಕೆ 120 ನಿಮಿಷವಾದರೂ ಪ್ರಕೃತಿಯಲ್ಲಿ ಕಳೆಯುವವರು ತಮ್ಮ ಆರೋಗ್ಯವೂ ನೆಮ್ಮದಿಯೂ ಚೆನ್ನಾಗಿವೆ ಎಂದು ಹೇಳಿಕೊಳ್ಳುವ ಸಂಭವ ಹೆಚ್ಚು ಎಂದು ಕಂಡುಕೊಂಡಿತು. ಅದೇ ವರ್ಷ ಡೆನ್ಮಾರ್ಕಿನ ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳು, ಹಸಿರು ಕಡಿಮೆಯಿದ್ದ ಕಡೆ ಬಾಲ್ಯ ಕಳೆದವರಲ್ಲಿ ಮುಂದೆ ಮಾನಸಿಕ ಕಾಯಿಲೆಗಳ ಅಪಾಯ ಹೆಚ್ಚೆಂದು ತೋರಿಸಿದವು. ನೆಮ್ಮದಿಯಿಂದಿರುವವರೇ ಹೆಚ್ಚು ಹೊರಗೆ ಹೋಗುತ್ತಿರಬಹುದಲ್ಲ ಎಂಬ ಸಂಶಯ ಮೊದಲನೆಯದರ ಬಗ್ಗೆ ಉಳಿದೇ ಇರುತ್ತದೆ. ಕಣದಲ್ಲಿ ನಾನು ಕಂಡ ಮಟ್ಟಿಗೆ ನಿಮಿಷಗಳ ಲೆಕ್ಕಕ್ಕಿಂತ ಕೂರುವ ದಿಕ್ಕು ಮುಖ್ಯ. ಎದುರುಬದುರು ಕೂರಿಸಿ ‘ಏನಾಯಿತು ಹೇಳು’ ಎಂದರೆ ಈ ವಯಸ್ಸಿನವರು ಹೇಳುವುದಿಲ್ಲ; ಪಕ್ಕಪಕ್ಕ ಕೂತು ಇಬ್ಬರೂ ಬೇರೊಂದು ಜೀವವನ್ನು ನೋಡುತ್ತಿದ್ದರೆ, ಮಾತು ನಿಂತಾಗ ಮುಜುಗರಪಡದೆ ನೋಡಲು ಏನೋ ಇದ್ದರೆ, ಬೇಕಾದಾಗ ತಾವಾಗಿಯೇ ಹೇಳುತ್ತಾರೆ. ಕೆಲವರು ಏನನ್ನೂ ಹೇಳದೆ ಪತಂಗ ನೋಡಿ ಹೋಗುತ್ತಾರೆ, ಅದೂ ಸರಿಯೇ.

ಮುಂದಿನ ಕೆಲಸ ಈಗಾಗಲೇ ಮೇಜಿನ ಮೇಲೆ ಹರಡಿಕೊಂಡಿದೆ: ಬಾವಲಿಗಳ ಶ್ರವಣಾತೀತ ಕೂಗನ್ನು ನಮ್ಮ ಕಿವಿಗೆ ಕೇಳುವಂತೆ ಇಳಿಸುವ ಸಾಧನ. ಪರದೆಯ ಅಂಚಿನಿಂದ ಪತಂಗವನ್ನು ಎತ್ತಿಕೊಂಡು ಹೋದದ್ದೇನೆಂದು ಎಲ್ಲರೂ ಕೇಳುತ್ತಾರೆ, ತೋರಿಸಲು ಟಾರ್ಚು ಹಾಕಿದರೆ ಕಷ್ಟಪಟ್ಟು ಸಂಪಾದಿಸಿದ ಕತ್ತಲೆ ಹಾಳು. ಕೇಳಿಸುವುದಕ್ಕೆ ಬೆಳಕು ಬೇಡ. ಸೆಕೆಂಡಿಗೆ 3,84,000 ಧ್ವನಿ ಮಾದರಿಗಳವರೆಗೆ ದಾಖಲಿಸುವ ಆಡಿಯೊಮಾತ್ ಎಂಬ ಪುಟ್ಟ ಸಾಧನ ಇದೆಯಾದರೂ ಅದರ ದಾಖಲೆಯನ್ನು ಮರುದಿನ ಕಂಪ್ಯೂಟರಿನಲ್ಲಿ ನೋಡಿಕೊಳ್ಳಬೇಕು. ನಮಗೆ ಬೇಕಾದದ್ದು ಅಲ್ಲೇ, ಆಗಲೇ ಸ್ಪೀಕರಿನಲ್ಲಿ ಟಿಕ್ ಟಿಕ್ ಎನ್ನುವ ಹೆಟರೊಡೈನ್ ಜೋಡಣೆ, ಅಂದರೆ ಕೂಗನ್ನು ಮತ್ತೊಂದು ತರಂಗದ ಜೊತೆ ಬೆರೆಸಿ ನಮಗೆ ಕೇಳುವ ಮಟ್ಟಕ್ಕೆ ತಗ್ಗಿಸುವಂಥದ್ದು. ಬೇಟೆ ಹತ್ತಿರವಾದಂತೆ ಬಾವಲಿಯ ಟಿಕ್ಕುಗಳು ಒತ್ತೊತ್ತಾಗಿ ಕೊನೆಗೆ ಗುಂಯ್ಗುಟ್ಟುತ್ತವೆ, ಕೆಲವು ಪತಂಗಗಳಿಗೆ ಅದನ್ನು ಕೇಳುವ ಕಿವಿಯಿದೆ, ಟೈಗರ್ ಮಾತ್‌ಗಳಲ್ಲಿ ಕೆಲವು ತಿರುಗಿ ತಾವೂ ಟಿಕ್ಕೆನ್ನುತ್ತವೆ. ಸರ್ಕ್ಯೂಟ್ ಬ್ರೆಡ್‌ಬೋರ್ಡಿನ ಮೇಲೆ ನಡೆಯುತ್ತಿದೆ, ದೀಪದ ಡ್ರೈವರಿನ ವಿದ್ಯುತ್ ಗದ್ದಲ ಅದರೊಳಗೆ ನುಸುಳುತ್ತಿದೆ, ಎರಡಕ್ಕೂ ಬೇರೆ ಬೇರೆ ಬ್ಯಾಟರಿ ಕೊಟ್ಟು ನೋಡಬೇಕು. ಶ್ರವಣಾತೀತವನ್ನು ಹಿಡಿಯುವ ಮೆಮ್ಸ್ ಎಂಬ ಪುಟ್ಟ ಚಿಪ್ ಮೈಕಿಗೆ ಹಣ ಕಳಿಸಿಯಾಗಿದೆ. ಅಂಗಡಿಯವರು ‘ಸೋಮವಾರ ಗ್ಯಾರಂಟಿ ಸರ್’ ಎಂದಿದ್ದಾರೆ, ಯಾವ ಸೋಮವಾರ ಎಂಬುದನ್ನು ಹೇಳಿಲ್ಲ.