ಆ ಟಿಕೆಟ್ ಕ್ಲೋಸ್ ಮಾಡಿದ್ದು ನಾನೇ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಆಫೀಸು. ಸೀರೆ, ಪಾತ್ರೆ ಮಾರುವ ಒಂದು ಆನ್‌ಲೈನ್ ಮಾರ್ಕೆಟ್‌ಪ್ಲೇಸ್‌ನ ಕನ್ನಡ ಕಾಲ್‌ಗಳೆಲ್ಲ ನಮಗೇ ಬರುತ್ತವೆ. ಎಎಚ್‌ಟಿ, ಅಂದರೆ ಒಂದು ಕಾಲ್‌ಗೆ ಹಿಡಿಯುವ ಸರಾಸರಿ ಸಮಯ, ಸ್ವಲ್ಪ ಏರಿದರೂ ಟೀಮ್ ಲೀಡ್ ಕುರ್ಚಿ ಹಿಂದೆ ಬಂದು ನಿಲ್ಲುತ್ತಾರೆ.

ಅವತ್ತು ಬೆಳಿಗ್ಗೆ 11:04ಕ್ಕೆ ಹರಿಹರದ ಟೀಚರ್ ಒಬ್ಬರ ಕಾಲ್. "ನಿಮ್ಮ ಕಂಪನಿಯಿಂದ ಅಂತ ಒಬ್ಬ ಫೋನ್ ಮಾಡಿದ್ದ ರೀ. ರಿಫಂಡ್ ಬಂದೈತಿ, ಓಟಿಪಿ ಹೇಳ್ರಿ ಅಂದ. ನಾ ಹೇಳ್ಲಿಲ್ಲ. ಆದ್ರೆ ನಾ ತಗೊಂಡ ಸೀರೆ ಬಣ್ಣ ಅವ್ನಿಗೆ ಹೆಂಗ್ ಗೊತ್ತಾತು?"

ನಾನು ಮ್ಯಾಕ್ರೋ, ಅಂದರೆ ಮೊದಲೇ ಬರೆದಿಟ್ಟ ಉತ್ತರ, ಓದಿದೆ. ಓಟಿಪಿ ಯಾರಿಗೂ ಕೊಡಬೇಡಿ ಮೇಡಂ.

"ಕೊಟ್ಟಿಲ್ಲ ಅಂತ ಆಗ್ಲೇ ಹೇಳ್ದೆನಲ್ಲ ರೀ."

ಅವರು ಕೇಳಿದ್ದು ಬಣ್ಣದ ವಿಷಯ. ನಾನು 'ಕಸ್ಟಮರ್ ಅವೇರ್‌ನೆಸ್' ಅಂತ ರೀಸನ್ ಕೋಡ್ (ದೂರಿನ ಕಾರಣ) ಹಾಕಿ ಟಿಕೆಟ್, ಅಂದರೆ ಆ ದೂರಿನ ದಾಖಲೆ, ಕ್ಲೋಸ್ ಮಾಡಿದೆ. ಆಮೇಲೆ ಇಂಥವೇ ಇನ್ನೆರಡು ಬಂದವು. ಅವನ್ನೂ ಮುಗಿಸಿದೆ. ಅವತ್ತು ನನ್ನ ಎಎಚ್‌ಟಿ ಚೆನ್ನಾಗಿತ್ತು ಅಂತ ಖುಷಿಯೂ ಆಯಿತು!

ಮೂರೂವರೆಗೆ ಕೆಳಗೆ ಮಂಡಕ್ಕಿ ಮಿರ್ಚಿ ತಿನ್ನುವಾಗ ಪಕ್ಕದ ಸೀಟಿನವನು ಸುಮ್ನೆ ಮಾತಿಗೆ ಅಂದ: "ನಂಗೂ ಇವತ್ತು ಎರಡು ಬಂದ್ವು ಮಾರಾಯಾ, ಆರ್ಡರ್ ನಂಬರ್ ಸಮೇತ ಹೇಳ್ತಾರಂತೆ." ಮಿರ್ಚಿ ಗಂಟಲಲ್ಲೇ ನಿಂತಿತು. ಮೇಲೆ ಓಡಿ ಐದೂ ಆರ್ಡರ್ ತೆಗೆದು ನೋಡಿದರೆ ಐದಕ್ಕೂ ಒಬ್ಬನೇ ಸೆಲ್ಲರ್. ಅವರ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಆರ್ಡರ್ ನೋಡುವ ಸೆಲ್ಲರ್ ಪ್ಯಾನೆಲ್‌ನಿಂದ ಇಡೀ ಆರ್ಡರ್ ರಿಪೋರ್ಟ್ ಯಾರೋ ಇಳಿಸಿಕೊಂಡಿದ್ದರು.

ಪಿ-ಒನ್, ಅಂದರೆ ಅತಿ ತುರ್ತಿನ ಟಿಕೆಟ್, ಎತ್ತಿದೆ. ಬ್ರಿಜ್ ಕಾಲ್‌ನಲ್ಲಿ ಹದಿನಾಲ್ಕು ಜನ. ಜಗಳ ಕಳುವಿನ ಬಗ್ಗೆ ಅಲ್ಲ, ಗಡಿಯಾರದ ಬಗ್ಗೆ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದ ಪ್ರಕಾರ 6 ಗಂಟೆಯೊಳಗೆ ವರದಿ ಮಾಡಬೇಕು. ಯಾವಾಗಿನಿಂದ 6 ಗಂಟೆ? ನಮ್ಮ ಮ್ಯಾನೇಜರ್ ಮೂರೂವರೆ ಅಂದರು. ಲೀಗಲ್‌ನವರು, "ನಮಗೇ ಗೊತ್ತಾದ ಹೊತ್ತು ಅಷ್ಟೇ ಅಲ್ಲ, ಬೇರೆಯವರು ನಮ್ಮ ಗಮನಕ್ಕೆ ತಂದ ಹೊತ್ತೂ ಲೆಕ್ಕಕ್ಕೆ ಬರುತ್ತೆ. ಮೊದಲ ಕಂಪ್ಲೇಂಟ್ ಎಷ್ಟೊತ್ತಿಗೆ?" ಅಂದರು. ಯಾರೂ ಮಾತಾಡಲಿಲ್ಲ. ನಾನು ಮ್ಯೂಟ್ ತೆಗೆಯಲು ಪೂರ್ತಿ ಒಂದು ನಿಮಿಷ ತಗೊಂಡೆ. "11:04" ಅಂದೆ. "ಅದು ಬರೀ ಕಂಪ್ಲೇಂಟು" ಅಂದರು ಮ್ಯಾನೇಜರ್. ವರದಿ ಹೋಗಿದ್ದು 6:10ಕ್ಕೆ. ಅವರ ಲೆಕ್ಕದಲ್ಲಿ ತಡವೇ ಇಲ್ಲ. ನನ್ನ ಟಿಕೆಟ್ ಲೆಕ್ಕದಲ್ಲಿ ಒಂದು ಗಂಟೆ ಆರು ನಿಮಿಷ.

ಇನ್ನು ಗ್ರಾಹಕರಿಗೆ ತಿಳಿಸುವ ಕಥೆ. 2014ರಲ್ಲಿ ಇಬೇ ಡೇಟಾಬೇಸ್‌ಗೆ ಕನ್ನ ಬಿದ್ದಿದ್ದು ಫೆಬ್ರವರಿ–ಮಾರ್ಚ್‌ನಲ್ಲಿ, ಜನಕ್ಕೆ ಹೇಳಿದ್ದು ಮೇ ತಿಂಗಳಲ್ಲಿ, ಅದಕ್ಕೇ ಬೈಸಿಕೊಂಡಿತು ಅಂತ ನಮಗೆ ಟ್ರೈನಿಂಗ್‌ನಲ್ಲಿ ಹೇಳಿದ್ದರು. ಏನು ಹೋಯಿತು, ಏನು ತೊಂದರೆ ಆಗಬಹುದು, ನೀವೇನು ಮಾಡಬೇಕು, ಯಾರನ್ನು ಕೇಳಬೇಕು, ಇಷ್ಟನ್ನು ಸರಳವಾಗಿ ಹೇಳಿ ಅಂತ 2025ರ ನವೆಂಬರ್‌ನ ಡೇಟಾ ರಕ್ಷಣೆ ನಿಯಮಗಳಲ್ಲೂ ಇದೆ. ಅದನ್ನೇ ಡ್ರಾಫ್ಟ್ ಮಾಡಿ ಕೊಟ್ಟೆ. "ಆ ಭಾಗ ಇನ್ನೂ ಜಾರಿಗೆ ಬಂದಿಲ್ಲ" ಅಂದರು ಲೀಗಲ್‌ನವರು. ಮಾರ್ಕೆಟಿಂಗ್‌ನವರು ತಿದ್ದಿ ತಿದ್ದಿ ಕೊನೆಗೆ ಉಳಿದಿದ್ದು: "ಪ್ರಿಯ ಗ್ರಾಹಕರೇ, ನಿಮ್ಮ ಖಾತೆಯ ಸುರಕ್ಷತೆಗಾಗಿ ಕೂಡಲೇ ಈ ಲಿಂಕ್ ಒತ್ತಿ."

ಮೊದಲ ಬ್ಯಾಚ್‌ನಲ್ಲಿ ಒಂದೂ ಡೆಲಿವರಿ ಆಗಲಿಲ್ಲ. ವೈಟ್‌ಲಿಸ್ಟ್ ಆಗದ, ಅಂದರೆ ಮೊದಲೇ ನೋಂದಾಯಿಸದ, ಲಿಂಕ್ ಇದ್ದರೆ 2024ರ ಅಕ್ಟೋಬರ್‌ನಿಂದ ಎಸ್‌ಎಂಎಸ್ ಬ್ಲಾಕ್. ಆ ಕೆಲಸ ನೋಡುವವರು ರಜೆ. ಎರಡು ದಿನ ಬಿಟ್ಟು ಹೋಯಿತು. ಹೋದ ಹತ್ತೇ ನಿಮಿಷಕ್ಕೆ ಕಾಯುವ ಕಾಲ್‌ಗಳ ಕ್ಯೂ ಕೆಂಪಾಯಿತು. ಎಲ್ಲರದ್ದೂ ಒಂದೇ ಪ್ರಶ್ನೆ: "ಇದೂ ಮೋಸದ ಮೆಸೇಜಾ?" ಜಗಳೂರಿನ ಒಬ್ಬರಂತೂ ನನ್ನನ್ನೇ ಕಳ್ಳ ಅಂದುಕೊಂಡು ಬೈದರು. ತಪ್ಪೇನಿಲ್ಲ ಬಿಡಿ, ಕಳ್ಳನೂ ಹಾಗೇ ಬರೆಯುತ್ತಿದ್ದ.

ಟೀಚರ್ ಕಾಲ್ ಮತ್ತೆ ನನಗೇ ಬಂತು. ಈ ಸಲ ಮ್ಯಾಕ್ರೋ ತೆರೆಯಲಿಲ್ಲ. ನಿಮ್ಮ ಹೆಸರು, ಫೋನ್, ವಿಳಾಸ, ಆರ್ಡರ್ ವಿವರ ಹೊರಗೆ ಹೋಗಿದೆ ಮೇಡಂ, ಕಾರ್ಡ್ ನಂಬರ್ ಹೋಗಿಲ್ಲ, ಯಾರಾದರೂ ದುಡ್ಡು ಕಳಕೊಂಡರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂದೆ.

"ಇದನ್ನ ಮೊನ್ನೆನೇ ಹೇಳಿದ್ರೆ ಏನಾಗ್ತಿತ್ತು?"

ಏಳೂವರೆ ನಿಮಿಷದ ಕಾಲ್. ಟೀಮ್ ಲೀಡ್ ಹಿಂದೆಯೇ ನಿಂತಿದ್ದರು. ಆಮೇಲೆ ಹಳೇ ಟಿಕೆಟ್ ತೆಗೆದು ರೀಸನ್ ಕೋಡ್ ಬದಲಾಯಿಸಲು ನೋಡಿದೆ. ಕ್ಲೋಸ್ ಆದ ಟಿಕೆಟ್ ಎಡಿಟ್ ಆಗಲ್ಲ. ಈಗಲೂ ಅಲ್ಲಿ 'ಕಸ್ಟಮರ್ ಅವೇರ್‌ನೆಸ್' ಅಂತಲೇ ಇದೆ, ಕೆಳಗೆ ನನ್ನ ಹೆಸರು.